ನರಸ್ನಾಯು ನಿಯಂತ್ರಣ ಮತ್ತು ಕ್ರೀಡಾಗಾಯ

ಯಾವ ಕೀಲು ಎಷ್ಟು ಬಾಗಿದೆ, ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ನರಗಳು ಗ್ರಹಿಸಿ, ತಕ್ಕ ಸ್ನಾಯುವನ್ನು ತಕ್ಕ ಹೊತ್ತಿಗೆ ಬಿಗಿಗೊಳಿಸುವ ವ್ಯವಸ್ಥೆಯೇ ನರಸ್ನಾಯು ನಿಯಂತ್ರಣ. ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿವೆಯೆಂದು ತಿಳಿಯುವುದು ಇದಕ್ಕೆ ಆಧಾರ. ಈ ಅರಿವಿಗೆ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ‘ಪ್ರೊಪ್ರಿಯೊಸೆಪ್ಷನ್’ ಎಂಬ ಹೆಸರು ಕೊಟ್ಟ.

ಇದರ ಬೆಲೆ ತಿಳಿಯಬೇಕಾದರೆ ಮಂಡಿಯನ್ನು ನೋಡಬೇಕು. ಮಂಡಿಯೊಳಗಿನ ಎಸಿಎಲ್ ರಜ್ಜು ಹರಿಯುವ ಪ್ರಸಂಗಗಳಲ್ಲಿ ಹೆಚ್ಚಿನವು ಮಂಡಿಗೆ ಎದುರಾಳಿಯ ಪೆಟ್ಟು ಬೀಳದೆಯೇ ಆಗುತ್ತವೆ: ಜಿಗಿದು ಇಳಿಯುವಾಗ, ಓಡುತ್ತ ಗಕ್ಕನೆ ತಿರುಗುವಾಗ. ಪಾದ ನೆಲಕ್ಕೆ ತಾಗಿ ಸುಮಾರು 50 ಮಿಲಿಸೆಕೆಂಡುಗಳಲ್ಲಿ ಎಲ್ಲ ಮುಗಿದಿರುತ್ತದೆ. ಅಪಾಯದ ಸುದ್ದಿ ಹೋಗಿ ಸ್ನಾಯು ಬಿಗಿಯಲು ಅಷ್ಟು ಹೊತ್ತು ಸಾಲದು. ಹಾಗಾಗಿ ಪಾದ ಊರುವ ಮೊದಲೇ ತೊಡೆಯ ಹಿಂಬದಿಯ ಮತ್ತು ಸೊಂಟದ ಸ್ನಾಯುಗಳು ಸಜ್ಜಾಗಿರಬೇಕು. ಈ ಸಜ್ಜು ಬರೀ ಬಲದಿಂದ ಬಾರದು; ಸರಿಯಾದ ಚಲನೆಯನ್ನು ಮತ್ತೆ ಮತ್ತೆ ಮಾಡಿಯೇ ಮೈಗೂಡಬೇಕು.

ಇಂಥ ಅಭ್ಯಾಸ ಕುಸ್ತಿಯ ಗರಡಿಯಲ್ಲೂ ಕಾಣುತ್ತದೆ; ಬೀದರ ಸೀಮೆಯಲ್ಲಿ ಗರಡಿಗೆ ತಾಲೀಮು ಎನ್ನುತ್ತಾರೆ. ನಗರದ ಪಕ್ಕದ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಬಳಿ ಹಿಂದೂ ಮುಸ್ಲಿಮರು ಕೂಡಿ ನಡೆಸುವ ಜಾತ್ರೆಗೆ ಕುಸ್ತಿಯೂ ಸೇರಿದೆ. ಮಂಡಿ ಬಾಗಿಸಿ, ಮೈ ಮುಂದಕ್ಕೆ ವಾಲಿಸಿ ನಿಲ್ಲುವ ಪೈಲ್ವಾನನ ನಿಲುವೇ ಈ ನಿಯಂತ್ರಣದ ಪಾಠ. ಅಖಾಡದ ಮೆತ್ತನೆ ಮಣ್ಣು ಬಿದ್ದವನನ್ನು ಕಾಯುತ್ತದೆ. ಆದರೆ ಹೂತ ಪಾದದ ಮೇಲೆ ಮೈ ತಿರುಗಿದರೆ ಮಂಡಿ ತಿರುಚುವುದನ್ನು ಅದು ತಡೆಯಲಾರದು. ಬೈಠಕ್ ಕಾಲಿಗೆ ಬಲ ಕೊಡುತ್ತದೆ, ನಿಜ. ಆದರೆ ಅದು ಎರಡೂ ಕಾಲಿನ ನೇರ ಏರಿಳಿತ. ಒಂಟಿಕಾಲಿನ ನಿಲುವು, ಜಿಗಿತ, ತಿರುವುಗಳ ಅಭ್ಯಾಸವನ್ನೂ ಅದಕ್ಕೆ ಸೇರಿಸಬೇಕು.

ಫುಟ್ಬಾಲಿಗಾಗಿ ರೂಪಿಸಿದ ‘ಫಿಫಾ 11+’ ಇಂಥದೇ 20 ನಿಮಿಷದ ಕ್ರಮ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದನ್ನು ಮಾಡಿದವರ ಗುಂಪಿನಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡವು. ಎಸಿಎಲ್ ಗಾಯದ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಜಿಗಿದು ಇಳಿಯುವಾಗ ಮಂಡಿ ಒಳಮುಖವಾಗಿ ವಾಲುವುದು ಅದಕ್ಕೊಂದು ಕಾರಣ. ಒಮ್ಮೆ ಉಳುಕಿದ ಕಾಲ್ಗಿಣ್ಣು ಮತ್ತೆ ಉಳುಕದಂತೆ ಮಾಡಲೂ ಒಂಟಿಕಾಲಿನ ಸಮತೋಲನದ ಅಭ್ಯಾಸ ನೆರವಾಗುತ್ತದೆ.

ಇಂಥ ಅಭ್ಯಾಸಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಬೀದರ ಜಿಲ್ಲೆಯ ಭಾಲ್ಕಿ, ಔರಾದಗಳ ಶಾಲಾ ಬಯಲುಗಳಲ್ಲಿ ಕಬಡ್ಡಿ, ಖೋ ಖೋ ಕಲಿಸುವ ದೈಹಿಕ ಶಿಕ್ಷಕರು ಆಟಕ್ಕೆ ಮುನ್ನ ಈ 20 ನಿಮಿಷವನ್ನು ಮಕ್ಕಳಿಗೆ ಕೊಡಬೇಕು.