ಹಾಸಿಗೆ ಒಂದು, ಶಾಲೆ ಹಲವು

ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದುದು 1963ರಲ್ಲಿ. ಬಳಿಕ ಔಷಧಶಾಸ್ತ್ರಕ್ಕೆ, ದಾದಿಯರ ಶಿಕ್ಷಣಕ್ಕೆ ಬೇರೆ ಬೇರೆ ಶಾಲೆಗಳು ಎದ್ದವು. ಶಾಲೆ ಹಲವಾದರೂ ರೋಗಿಯ ಹಾಸಿಗೆ ಒಂದೇ ಅಲ್ಲವೆ? ಅದರ ಸುತ್ತ ನಿಲ್ಲುವವರು ಕೂಡಿ ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲೇ ಸಾರಿತು.

ಕೂಡಿ ದುಡಿದರೆ ಏನಾದೀತೆಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ. 2002ರಿಂದ 2005ರವರೆಗೆ ಇದೇ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಗಡಿಗರೊಡನೆ ಹಳ್ಳಿಗಳ 1,620 ಹೆಂಗಸರಲ್ಲಿ ಒಂದು ಪ್ರಯೋಗ ನಡೆಸಿದರು. ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೋ ಹುಸಿಗುಳಿಗೆಯನ್ನೋ ಕೊಟ್ಟವರು ಡಾಕ್ಟರರಲ್ಲ, ಹಳ್ಳಿಯ ಸಹಾಯಕ ದಾದಿಯರು. ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 12ರಷ್ಟಿದ್ದ ಅತಿರಕ್ತಸ್ರಾವ, ಮದ್ದು ಪಡೆದವರಲ್ಲಿ 6.4 ಮಾತ್ರ. ಮದ್ದು ವೈದ್ಯನದು, ಕೈ ದಾದಿಯದು, ಒಂದಿಲ್ಲದೆ ಇನ್ನೊಂದಿಲ್ಲ.

ಖಾನಾಪುರದ ಕಾಡಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಹಳ್ಳ ತುಂಬಿದರೆ ರೋಗಿಯನ್ನು ಹೊತ್ತೇ ತರಬೇಕು. ಅಲ್ಲಿ ಬಸುರಿಯ ಸ್ಥಿತಿಯನ್ನು ಮೊದಲು ಅರಿಯುವವಳು ದಾದಿ. ಅವಳ ಮಾತಿಗೆ ಕಿವಿಗೊಡಲು ಕಲಿಯದ ವೈದ್ಯನ ವಿದ್ಯೆ ಅರೆಬರೆ. ಆದುದರಿಂದ ಕೂಡಿ ಕಲಿಸುವ ಶಿಕ್ಷಣದ ಪರೀಕ್ಷೆ ಉತ್ತರಪತ್ರಿಕೆಯಲ್ಲಿ ಮುಗಿಯುವುದಿಲ್ಲ. ಬೆಳಗಾವಿಯಲ್ಲಿ ಕಲಿತದ್ದು ಖಾನಾಪುರದ ಬಾಣಂತಿಯನ್ನು ಉಳಿಸಿತೆ? ಅಂಕ ಹಾಕಬೇಕಾದುದು ಅದಕ್ಕೆ.