ವೆರಿಕೋಸೀಲ್, ಆಕ್ಸಿಡೇಟಿವ್ ಒತ್ತಡ ಮತ್ತು ಪುರುಷ ವಂಧ್ಯತ್ವ

ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳು ಉಬ್ಬಿ ಸುರುಳಿಗಟ್ಟುವುದೇ ವೆರಿಕೋಸೀಲ್. ಗಂಡಸರಲ್ಲಿ ಸುಮಾರು ಶೇ. 15 ಮಂದಿಗೆ ಇದು ಇರುತ್ತದೆ. ಮಕ್ಕಳಾಗದೆ ತಪಾಸಣೆಗೆ ಬರುವವರಲ್ಲಿ ಶೇ. 35–40 ಮಂದಿಗೆ. ಹೆಚ್ಚಾಗಿ ಕಾಣುವುದು ಎಡಗಡೆ. ಆ ಬದಿಯ ನಾಳ ಉದ್ದವಾಗಿದ್ದು ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುವುದರಿಂದ, ಕವಾಟ ಸೋತರೆ ರಕ್ತ ಕೆಳಗೇ ನಿಂತುಬಿಡುತ್ತದೆ. ರೋಗಿಯನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ ಮುಟ್ಟಿದರೆ ವೈದ್ಯರ ಬೆರಳಿಗೆ ಎರೆಹುಳುಗಳ ಗಂಟಿನಂತೆ ಸಿಗುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ಅನೇಕರಿಗೆ ಗೊತ್ತೇ ಆಗುವುದಿಲ್ಲ.

ಉಬ್ಬಿದ ನಾಳದ ಜೊತೆ ವೃಷಣ ಕುಗ್ಗುವುದನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಬರೆದಿದ್ದ. ಫಲವತ್ತತೆಯ ನಂಟು ಗಟ್ಟಿಯಾಗಲು 1952ರವರೆಗೆ ಕಾಯಬೇಕಾಯಿತು. ವೀರ್ಯಾಣುಗಳೇ ಇಲ್ಲದ ಒಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಆತ ತಂದೆಯಾದದ್ದನ್ನು ಎಡಿನ್‌ಬರೊದ ಟಲಕ್ ಆ ವರ್ಷ ವರದಿ ಮಾಡಿದರು.

ಇನ್ನೊಂದು ಎಳೆ ಪ್ರಯೋಗಾಲಯದ್ದು. ಆಮ್ಲಜನಕ ಹೆಚ್ಚಾದರೆ ವೀರ್ಯಾಣು ಚಲನೆ ಕಳೆದುಕೊಳ್ಳುತ್ತದೆ, ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕಾರಣ ಎಂದು 1943ರಲ್ಲಿ ಮ್ಯಾಕ್ಲಿಯಡ್ ತೋರಿಸಿದರು. ವೀರ್ಯಾಣುವಿನ ಪೊರೆಯಲ್ಲಿ ಬೇಗ ಉತ್ಕರ್ಷಣೆಗೊಳ್ಳುವ ಕೊಬ್ಬು ಜಾಸ್ತಿ. ರಕ್ಷಣೆಗೆ ಬೇಕಾದ ಕಿಣ್ವಗಳಿಗೆ ಜಾಗ ಕೊಡುವ ಕೋಶರಸ ತೀರಾ ಕಡಿಮೆ. ವೆರಿಕೋಸೀಲ್‌ನಲ್ಲಿ ನಿಂತ ರಕ್ತ ವೃಷಣದ ಬಿಸಿ ಏರಿಸುತ್ತದೆ, ಕ್ರಿಯಾಶೀಲ ಆಮ್ಲಜನಕದ ಕಣಗಳು ರಕ್ಷಣೆಯನ್ನು ಮೀರಿ ಹೆಚ್ಚುತ್ತವೆ (ಇದೇ ಆಕ್ಸಿಡೇಟಿವ್ ಒತ್ತಡ), ಪೊರೆ ಹಾಳಾಗುತ್ತದೆ, ಡಿಎನ್‌ಎ ತುಂಡಾಗುತ್ತದೆ. ಹೀಗೆ ಎರಡೂ ಎಳೆಗಳು ಒಂದಾದವು. ಆದರೂ ವೆರಿಕೋಸೀಲ್ ಇದ್ದೂ ತಂದೆಯಾದವರು ಸಾಕಷ್ಟು ಮಂದಿ ಇದ್ದಾರೆ. ಇದನ್ನು ಮರೆತು ಹೆದರಿಸುವುದು ತಪ್ಪು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಈ ಕಥೆಗೆ ಬೇರೆ ಬಣ್ಣವಿದೆ. ಬಂಟ, ಬಿಲ್ಲವ, ಜೈನ ಮನೆತನಗಳ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಸಾಗುತ್ತಿದ್ದುದು ಹೆಣ್ಣಿನ ಕವಲಿನಲ್ಲಿ. ಗಂಡಸಿಗೆ ಮಕ್ಕಳಾಗದಿದ್ದರೆ ಕುಟುಂಬ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಅಕ್ಕತಂಗಿಯರ ಮಕ್ಕಳು ಇರುತ್ತಿದ್ದರು. ಆದರೆ ಅದು ಆಸ್ತಿಯ ಮಾತಾಯಿತು. ಮಗುವಿಲ್ಲದ ದಂಪತಿಗೆ ನಾಗದೋಷ ಹೇಳುವಾಗ, ಆಶ್ಲೇಷಾ ಬಲಿಗೋ ಸರ್ಪಸಂಸ್ಕಾರಕ್ಕೋ ಕುಕ್ಕೆಗೆ ಹೊರಡುವಾಗ, ಗಂಡನ ವೀರ್ಯ ಪರೀಕ್ಷೆಯ ಮಾತು ಏಳುತ್ತಿರಲಿಲ್ಲ. ಹರಕೆ ಇರಲಿ, ಪರೀಕ್ಷೆಯೂ ಆಗಲಿ. ಮನೆಯಲ್ಲಿ ತೆಗೆದ ಮಾದರಿ ಒಂದು ಗಂಟೆಯೊಳಗೆ ಲ್ಯಾಬು ಸೇರಬೇಕು, ಮಂಗಳೂರಿಂದ ಬೆಳ್ತಂಗಡಿ ಸುಮಾರು 60 ಕಿ.ಮೀ. ಅಷ್ಟು ದೂರದ ಲ್ಯಾಬಾದರೆ ಅಲ್ಲಿಗೇ ಹೋಗಿ ಮಾದರಿ ಕೊಡುವುದೇ ಸರಿ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಇಲ್ಲಿನ ಮತ್ತೊಂದು ಅಧ್ಯಾಯ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲ ಗೇರು ತೋಟಗಳಿಗೂ ಗಡಿಯಾಚೆ ಕಾಸರಗೋಡಿನ ತೋಟಗಳಿಗೂ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಲಾಗಿತ್ತು. ಕಾಸರಗೋಡಿನ ತೋಟಗಳ ಬುಡದಲ್ಲಿದ್ದ ಹಳ್ಳಿಯ 117 ಹುಡುಗರನ್ನು ಬೇರೆಡೆಯ 90 ಹುಡುಗರ ಜೊತೆ ಹೋಲಿಸಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2003ರಲ್ಲಿ ಪ್ರಬಂಧ ಪ್ರಕಟಿಸಿತು: ಲೈಂಗಿಕ ಬೆಳವಣಿಗೆ ತಡವಾಗಿತ್ತು, ಹಾರ್ಮೋನುಗಳಲ್ಲಿ ವ್ಯತ್ಯಾಸವಿತ್ತು. ಅದು ವೆರಿಕೋಸೀಲ್‌ನ ಅಧ್ಯಯನವಲ್ಲ. ಆದರೆ ಈ ವಿಷ ವೃಷಣದಲ್ಲಿ ಆಕ್ಸಿಡೇಟಿವ್ ಒತ್ತಡ ಉಂಟುಮಾಡುವುದು ಇಲಿಗಳ ಪ್ರಯೋಗಗಳಲ್ಲಿ ಕಂಡಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿತು.

ಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ನಾಳ ಕೈಗೆ ಸಿಗುವಂತಿದ್ದು, ವೀರ್ಯದ ವರದಿಯೂ ಸರಿಯಿಲ್ಲದಿದ್ದರೆ ಸೂಕ್ಷ್ಮದರ್ಶಕದ ಶಸ್ತ್ರಚಿಕಿತ್ಸೆಯಲ್ಲಿ ಆ ನಾಳಗಳನ್ನು ಕಟ್ಟುತ್ತಾರೆ. ಮಾರುಕಟ್ಟೆಯಲ್ಲಿ ಮೆರೆಯುವ ಆಂಟಿಆಕ್ಸಿಡೆಂಟ್ ಮಾತ್ರೆಗಳದ್ದು ಬೇರೆ ಮಾತು: 2020ರಲ್ಲಿ ಪ್ರಕಟವಾದ ಅಮೆರಿಕದ ಮಾಕ್ಸಿ ಪ್ರಯೋಗದಲ್ಲಿ ಅವುಗಳಿಂದ ವೀರ್ಯದ ಗುಣಮಟ್ಟವಾಗಲಿ ಗರ್ಭಧಾರಣೆಯಾಗಲಿ ಸುಧಾರಿಸಲಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾದ್ದರಿಂದ ಶಸ್ತ್ರಚಿಕಿತ್ಸೆಯ ಫಲ ನೋಡಲು ಮೂರು ತಿಂಗಳಾದರೂ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ.