ಕಪ್ಪು ಪತಂಗದ ಗುಟ್ಟು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಕಾಲವದು. ಚಿಮಣಿಗಳು ಉಗುಳಿದ ಕಲ್ಲಿದ್ದಲ ಹೊಗೆ ಸುತ್ತಲಿನ ಮರಗಳಿಗೆಲ್ಲ ಮಸಿ ಮೆತ್ತುತ್ತಿತ್ತು. 1848ರಲ್ಲಿ ಅಲ್ಲೊಂದು ಕಪ್ಪು ಪತಂಗ ಸಿಕ್ಕಿತು. ಬಿಳಿ ರೆಕ್ಕೆಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಾಣುವ ‘ಮೆಣಸು ಪತಂಗ’ದ ಜಾತಿಯದೇ ಅದು, ಆದರೆ ಮೈಯೆಲ್ಲ ಇದ್ದಿಲಿನ ಬಣ್ಣ. 1895ರ ಹೊತ್ತಿಗೆ ಆ ಊರಿನ ಮೆಣಸು ಪತಂಗಗಳಲ್ಲಿ ನೂರಕ್ಕೆ ಸುಮಾರು 98 ಕಪ್ಪಾಗಿದ್ದವು.

ಹಾಗಾದರೆ ಹೊಗೆಯೇ ಪತಂಗಕ್ಕೆ ಮಸಿ ಬಳಿಯಿತೇ? ಇಲ್ಲ. ಹಗಲು ಹೊತ್ತು ಮರದ ಮೇಲೆ ಅಲುಗಾಡದೆ ಕೂರುವುದು ಈ ಪತಂಗದ ಸ್ವಭಾವ. ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಬಿಳಿ ಪತಂಗ ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹೊಗೆಗೆ ಕಲ್ಲುಹೂವು ಸತ್ತು ತೊಗಟೆ ಕಪ್ಪಾದಾಗ ಬಿಳಿಯದು ಎದ್ದು ಕಂಡು ಹಕ್ಕಿಗೆ ತುತ್ತಾಯಿತು. ಕಪ್ಪಿನದು ಬದುಕಿ ಸಂತಾನ ಬೆಳೆಸಿತು. 1896ರಲ್ಲಿ ಜೆ. ಡಬ್ಲ್ಯು. ಟಟ್ ನೀಡಿದ ಈ ವಿವರಣೆಯನ್ನು 1950ರ ದಶಕದಲ್ಲಿ ಬರ್ನಾರ್ಡ್ ಕೆಟಲ್‌ವೆಲ್ ಕಾಡಿನಲ್ಲೇ ಪರೀಕ್ಷಿಸಿದರು.

ಹಾಗಿದ್ದರೂ ಮೊದಲ ಕಪ್ಪು ಪತಂಗ ಹುಟ್ಟಿದ್ದು ಹೇಗೆಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಬೇಕಾದ ಸುಳಿವು ಅಮೆರಿಕದ ಮೆಕ್ಕೆಜೋಳದಲ್ಲಿತ್ತು. ಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು 1940ರ ದಶಕದಲ್ಲಿ ಅಧ್ಯಯನ ಮಾಡುತ್ತಿದ್ದ ಬಾರ್ಬರಾ ಮೆಕ್‌ಕ್ಲಿಂಟಾಕ್, ವರ್ಣತಂತುಗಳ ಕೆಲವು ತುಣುಕುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತವೆ ಎಂದು ಕಂಡುಕೊಂಡರು. ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸ್ಥಿರ ಎಂದು ನಂಬಿದ್ದ ಕಾಲದಲ್ಲಿ ಈ ಮಾತಿಗೆ ಮನ್ನಣೆ ಸಿಗಲಿಲ್ಲ. ನೊಬೆಲ್ ಪ್ರಶಸ್ತಿ ಬಂದಿದ್ದು 1983ರಲ್ಲಿ, ಅವರ 81ನೇ ವಯಸ್ಸಿನಲ್ಲಿ. ಅನಂತರವೂ ಇಂತಹ ತುಣುಕುಗಳನ್ನು ‘ಕಸ’ ಎಂದು ಕರೆದವರೇ ಹೆಚ್ಚು. ಆದರೆ ಕೀಟಗಳ ಮಟ್ಟಿಗೆ ಈ ‘ಕಸ’ ಅಲ್ಪಸ್ವಲ್ಪವಲ್ಲ. ವಲಸೆ ಮಿಡತೆಯ ಡಿಎನ್‌ಎಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮರುಕಳಿಸುವ ತುಣುಕುಗಳೇ. ಅವುಗಳಲ್ಲಿ ಬಹುಪಾಲು ಇಂತಹ ಜಿಗಿತದಿಂದ ಬಂದವು.

2016ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಣಸು ಪತಂಗದ ಗುಟ್ಟನ್ನು ಬಿಡಿಸಿದರು. ರೆಕ್ಕೆಯ ಬಣ್ಣ ನಿರ್ಧಾರವಾಗುವ ಜಾಗದಲ್ಲಿರುವ ‘ಕಾರ್ಟೆಕ್ಸ್’ ಎಂಬ ವಂಶವಾಹಿಯೊಳಗೆ ಸುಮಾರು 22,000 ಅಕ್ಷರಗಳಷ್ಟು ಉದ್ದದ ಜಿಗಿಯುವ ತುಣುಕೊಂದು ಬಂದು ಸೇರಿಕೊಂಡಿತ್ತು. ಕಪ್ಪು ಬಣ್ಣಕ್ಕೆ ಅದೇ ಕಾರಣ. ಈ ಜಿಗಿತ ನಡೆದದ್ದು 1819ರ ಆಸುಪಾಸಿನಲ್ಲಿ ಎಂದು ಅವರು ಲೆಕ್ಕ ಹಾಕಿದರು. ಅಂದರೆ ಮೊದಲ ಕಪ್ಪು ಪತಂಗ ಮನುಷ್ಯನ ಕೈಗೆ ಸಿಗುವುದಕ್ಕೆ ಮೂರು ದಶಕ ಮೊದಲು.

ಹೊಗೆಯಿಲ್ಲದ ಕಾಡಿನಲ್ಲಿ ಇದೇ ಜಿಗಿತ ಪತಂಗಕ್ಕೆ ಮುಳುವಾಗುತ್ತಿತ್ತು. ಮುಂದೆ ಆದದ್ದೂ ಅದೇ. ಬ್ರಿಟನ್ನಿನಲ್ಲಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದು ಹೊಗೆ ಕಡಿಮೆಯಾಯಿತು, ತೊಗಟೆಗಳು ಮತ್ತೆ ಬಿಳಿಚಿದವು. ಅವುಗಳ ಮೇಲೆ ಎದ್ದು ಕಾಣತೊಡಗಿದ ಕಪ್ಪು ಪತಂಗಗಳು ವರ್ಷದಿಂದ ವರ್ಷಕ್ಕೆ ವಿರಳವಾದವು. ತುಣುಕು ಜಿಗಿದದ್ದು ಆಕಸ್ಮಿಕ. ಅದನ್ನು ಮೆರೆಸಿದ್ದೂ ಅಳಿಸಿದ್ದೂ ಮನುಷ್ಯನ ಚಿಮಣಿ.